ಸೆರಗಿನಲ್ಲಿ ಕಟ್ಟಿಕೊಂಡ ಸ್ಕ್ರೇಪರ್

ಕಿಸಾನ್ ನಗರ, ಠಾಣೆ
9-11-1978

ಅಪ್ಪಾವರ ಪಾದಕ್ಕೆ ಹಣೆ ಹಚ್ಚಿ ಮಗಳು ಶರಣಬಸಮ್ಮ ಬರೆಯುವುದು.

ನಿಮ್ಮ ಕಾರ್ಡು ಬಂತು. "ಮನೆಯಲ್ಲಿ ಉಳಿದವರೂ ಕ್ಷೇಮವೆಂದು ತಿಳಿಯುತ್ತೇನೆ" ಎಂದು ಬರೆದಿದ್ದೀರಿ. ಈ ಖೋಲಿಯಲ್ಲಿ ನನ್ನನ್ನು ಬಿಟ್ಟು ಉಳಿದವರು ಒಬ್ಬರೇ. ಅವರು ಕ್ಷೇಮ. ನೀವು ಅವರ ಹೆಸರು ಬರೆಯದಿದ್ದರೂ ಕಾರ್ಡನ್ನು ನನಗಿಂತ ಮೊದಲು ಓದಿದವರು ಅವರೇ. ಓದಿ, ಹಿಂದೆ ಮುಂದೆ ತಿರುಗಿಸಿ ನೋಡಿ, ಗೂಡಿನಲ್ಲಿ ಇಟ್ಟರು.

ಆ ದಿನ ದಾಲ್ ಮಿಲ್ಲಿನ ಅಂಗಳದಲ್ಲಿ ನಡೆದದ್ದನ್ನು ನಾನು ಕೆದಕುವುದಿಲ್ಲ. ಮಿಲ್ ಮಾಲಕರ ಎದುರಿಗೆ ಇವರು "ಇನ್ನ ಮ್ಯಾಲೆ ವೈಟ್ ಮೆಟಲ್ ಹೊಯ್ಯೋದು ಬ್ಯಾಡ್ರಿ, ಹೊಸಾ ಶೆಲ್ ಬೇರಿಂಗ್ ಹಾಕೋಣ" ಎಂದದ್ದು ತಪ್ಪೇ. ನಿಮ್ಮ ಮುಂದೆ ಕೂತು ಕೆಲಸ ಕಲಿತವರು, ನಿಮ್ಮ ಅಳಿಯನಾದವರು, ಹೇಳುವುದಿದ್ದರೆ ಒಳಗೆ ಬಂದು ಹೇಳಬೇಕಿತ್ತು. ನೀವು "ನನ್ನ ಕೈ ಸಾಕಾತೇನಪಾ ನಿನಗ?" ಎಂದಿರಿ. ಅಂದಿನಿಂದ ನಿಮ್ಮಿಬ್ಬರ ಮಾತು ನಿಂತಿದೆ. ಅದು ಮತ್ತೆ ಶುರುವಾಗಲಿ ಎಂಬುದೊಂದೇ ನನ್ನ ಆಸೆ. ಬಾಯಿಂದ ಹೇಳಲು ನನಗೆ ಧೈರ್ಯ ಸಾಲದು, ಆದ್ದರಿಂದ ಬರೆಯುತ್ತಿದ್ದೇನೆ.

ಇವರು ದುಡಿಯುವ ವಾಗ್ಳೆ ಎಸ್ಟೇಟಿನ ವರ್ಕ್‌ಶಾಪಿನ ಮಾಲಕರು ಕಮಲಾಕ್ಷ ಸೇಟ್, ಉಡುಪಿ ಕಡೆಯವರು. ದೇವಳಾಲಿಯ ಯಾವುದೋ ಬಂಗಲೆಯ ಹಿಂದೆ ಕೋಳಿಗಳು ಗೂಡು ಮಾಡಿಕೊಂಡಿದ್ದ ಒಂದು ಕಾರನ್ನು ಲಾರಿಯ ಮೇಲೆ ಹೇರಿ ತಂದಿದ್ದಾರೆ. ಎರಡೇ ಸೀಟು, ಬಟ್ಟೆಯ ಮಾಡು, ಉದ್ದನೆಯ ಮೂತಿ. ಎರಡನೇ ಮಹಾಯುದ್ಧಕ್ಕೆ ಮೊದಲು ವಿಲಾಯತಿನಲ್ಲಿ ಓಟದ ಪಂದ್ಯಕ್ಕೆಂದು ಮಾಡಿದ್ದಂತೆ. ಅದನ್ನು ತೊಳೆದು ಒರೆಸಿದ ದಿನ ಸೇಟ್ ಊಟಕ್ಕೂ ಮನೆಗೆ ಹೋಗಲಿಲ್ಲವಂತೆ.

ಅದರ ಎಂಜಿನ್ನಿನಲ್ಲಿ ಕ್ರ್ಯಾಂಕನ್ನು ಹಿಡಿದಿರುವ ಬೇರಿಂಗುಗಳು ನೀವು ಕರಗಿಸಿ ಹೊಯ್ಯುವಂಥ ವೈಟ್ ಮೆಟಲ್ಲಿನವೇ. ಎಲ್ಲ ಬಿರಿದುಹೋಗಿವೆ. ಇವರು ಹೇಳಿದರು: "ಸೇಟ್, ರಾಡ್ ಕೊರದು ಅಗಲ ಮಾಡಿ ಶೆಲ್ ಕೂಡಿಸ್ತೀನ್ರಿ. ಘಾಟಿನ್ಯಾಗ ಎಷ್ಟ ಜೋರ್ ಹೊಡದರೂ ತಡೀತಾವ."

ಅದಕ್ಕೆ ಸೇಟ್, "ಕ್ರ್ಯಾಂಕ್ ಇರುದು ಇದೊಂದೇ ಮಾರಾಯ. ಇದು ಹೋದ್ರೆ ಈ ದೇಶದಲ್ಲಿ ಇನ್ನೊಂದು ಸಿಗ್ಲಿಕ್ಕಿಲ್ಲ. ನಿನ್ನ ಮಾತಿನ ಮೇಲೆ ಮಾಡುದು, ನೋಡು" ಎಂದರಂತೆ.

"ಕೆಟ್ಟರ ನಾ ಮತ್ತ ಹತ್ಯಾರ ಮುಟ್ಟಂಗಿಲ್ಲ" ಎಂದು ಇವರು ಮಾತು ಕೊಟ್ಟು ಬಂದಿದ್ದಾರೆ. ಹತ್ಯಾರ ಮುಟ್ಟದ, ಪಾನಾ ಸುತ್ತಿಗೆ ಹಿಡಿಯದ ಇವರನ್ನು ನಾನು ಕಂಡಿಲ್ಲ ಅಪ್ಪಾ. ಅದನ್ನು ನೆನೆಸಿಕೊಂಡರೆ ಭಯವಾಗುತ್ತದೆ.

ಒಂದು ಶೆಲ್ ಮನೆಗೆ ತಂದು ತೋರಿಸಿದರು. ತೆಳ್ಳಗೆ, ಹೊಳೆಯುವ ಬೂದಿ ಬಣ್ಣದ ಅರ್ಧ ಬಳೆ. ಅಂಥವು ಎರಡು ಸೇರಿದರೆ ಒಂದು ಬೇರಿಂಗ್. ಪಕ್ಕದ ಖೋಲಿಯ ಲೋಲಾಕ್ಷಿ ಅಕ್ಕ ಇಣುಕಿ, "ಇದೆಂತದು ಶರಣಮ್ಮ, ಬಳೆ ಮುರಿದದ್ದಾ?" ಎಂದರು. ಬೇರಿಂಗ್ ಎಂದೆ. "ಅಯ್ಯೋ ಗ್ರಹಚಾರವೇ, ಹೆಂಡತಿಗೆ ಬಳೆ ತರುದು ಬಿಟ್ಟು ಕಾರಿಗೆ ತಂದದ್ದಾ!" ಎಂದು ಚಾಳಿಗೆಲ್ಲ ಕೇಳುವಂತೆ ನಕ್ಕರು. ಇವರಿಗೆ ನಾಚಿಕೆಯಾಗಿ ಶೆಲ್ಲನ್ನು ಅಂಗಿಯ ಒಳಗೆ ಇಟ್ಟುಕೊಂಡರು.

ನಿಮ್ಮ ಮಗಳು,
ಶರಣಬಸಮ್ಮ


ಯಾದಗಿರಿ
2-12-1978

ಮಗಳಿಗೆ ಅಂಬಾರಾಯನ ಆಶೀರ್ವಾದ.

ಕಾಗದ ಮುಟ್ಟಿತು. ಇಲ್ಲಿ ಶೇಂಗಾ ಸುಗ್ಗಿ. ಗಿರಣಿಗಳೆಲ್ಲ ಓಡುತ್ತಿವೆ, ಕೈಗೆ ಬಿಡುವಿಲ್ಲ.

ವೈಟ್ ಮೆಟಲ್ ಮೆತ್ತಗಿರುತ್ತದೆ ಎಂದು ಈಗಿನವರು ಹೀಗಳೆಯುತ್ತಾರೆ. ಮೆತ್ತಗಿರುವುದೇ ಅದರ ಗುಣ. ಎಣ್ಣೆಯಲ್ಲಿ ಬಂದ ಮರಳಿನ ಕಾಳನ್ನು ತನ್ನ ಹೊಟ್ಟೆಗೆ ಹಾಕಿಕೊಂಡು ಕ್ರ್ಯಾಂಕನ್ನು ಉಳಿಸುತ್ತದೆ. ಕೆಟ್ಟರೆ ತಾನು ಕರಗುತ್ತದೆ, ಕ್ರ್ಯಾಂಕನ್ನು ಕೆಡಿಸುವುದಿಲ್ಲ. ಸುರಪುರದ ಗಿರಣಿಯಲ್ಲಿ ನಾನು ಹೊಯ್ದ ಬೇರಿಂಗ್ ನಿನ್ನ ಮದುವೆಗೆ ಮೊದಲಿನಿಂದ ಓಡುತ್ತಿದೆ.

ಆ ಕಾರಿನಲ್ಲಿ ಎಣ್ಣೆ ಸೋಸುವ ಫಿಲ್ಟರ್ ಇದೆಯೋ ಇಲ್ಲವೋ? ಅಷ್ಟು ಹಳೆಯ ಎಂಜಿನ್ನಿಗೆ ಸರಿಯಾದದ್ದು ಇರಲಿಕ್ಕಿಲ್ಲ. ಗಟ್ಟಿ ಬೇರಿಂಗಿಗೆ ಶುದ್ಧ ಎಣ್ಣೆ ಬೇಕು. ಇದರಿಂದ ನನಗೆ ಆಗಬೇಕಾದ್ದು ಏನೂ ಇಲ್ಲ. ಸುಮ್ಮನೆ ಕೇಳಿದೆ.

ಚಳಿಗೆ ಕಿವಿಗೆ ಬಟ್ಟೆ ಕಟ್ಟಿಕೋ. ಉಳಿದವರಿಗೂ ಹೇಳು.

ಅಂಬಾರಾಯ


ಠಾಣೆ
18-1-1979

ಅಪ್ಪಾವರಿಗೆ ಶರಣಬಸಮ್ಮಳ ಶರಣು.

ಸಂಕ್ರಾಂತಿಯ ಎಳ್ಳು ಕಾಗದದಲ್ಲಿ ಮಡಿಸಿ ಇಟ್ಟಿದ್ದೇನೆ. ದಾರಿಯಲ್ಲಿ ಚೆಲ್ಲಿದ್ದರೆ ಬೈಯಬೇಡಿ.

ನೀವು ಸುಮ್ಮನೆ ಕೇಳಿದ್ದನ್ನು ನಾನು ಸುಮ್ಮನೆ ಓದಿ ಹೇಳಿದೆ. ಮರುದಿನವೇ ಇವರು ಲಾರಿಯ ಫಿಲ್ಟರ್ ಒಂದನ್ನು ತಂದು, ಪೈಪು ಬಾಗಿಸಿ, ಕಾರಿಗೆ ಕೂಡಿಸಿದರು. "ಈ ಬುದ್ಧಿ ಎಲ್ಲಿಂದ ಬಂತು ಮಾರಾಯ?" ಎಂದು ಸೇಟ್ ಕೇಳಿದ್ದಕ್ಕೆ, "ಯಾದಗಿರಿಯಿಂದ ಬಂತ್ರಿ" ಎಂದರಂತೆ.

ಬೇರಿಂಗ್ ಕೂಡಿಸುವ ದಿನ ನಾನು ಊಟದ ಡಬ್ಬಿ ಕೊಡಲು ಹೋಗಿದ್ದೆ. ಇವರು ಕ್ರ್ಯಾಂಕಿಗೆ ನೀಲಿ ಬಣ್ಣ ಹಚ್ಚಿ, ಶೆಲ್ ಕೂಡಿಸಿ ತಿರುಗಿಸಿ, ಬಿಚ್ಚಿ ನೋಡುತ್ತಿದ್ದರು. ಒತ್ತಿ ತಾಗಿ ನೀಲಿ ಹತ್ತಿದ ಕಡೆಯಲ್ಲೆಲ್ಲ ಸ್ಕ್ರೇಪರಿನಿಂದ ಹೆರೆಯುತ್ತಿದ್ದರು. ಥೇಟ್ ನಿಮ್ಮ ಹಾಗೆಯೇ ಅಪ್ಪಾ. ನಾಲಗೆಯ ತುದಿ ಹೊರಗೆ, ಎಡಗಣ್ಣು ಮುಚ್ಚಿ, ಒಂದು ಗೆರೆ ಹೀಗೆ, ಅದರ ಮೇಲೊಂದು ಗೆರೆ ಹಾಗೆ, ಚಾಪೆ ಹೆಣೆದಂತೆ. ಕೈಯಲ್ಲಿ ಅದೇ ಸ್ಕ್ರೇಪರ್, ನೀವು ಹಳೆಯ ಮೂರು ಮೂಲೆಯ ಅರವನ್ನು ಮಸೆದು, "ಇದನ್ನ ಹಚ್ಚಲಾರದ ಯಾವ ಬೇರಿಂಗೂ ಕೂಡಸಬ್ಯಾಡ" ಎಂದು ಕೊಟ್ಟದ್ದು. ವರ್ಕ್‌ಶಾಪಿನ ಹುಡುಗರು ಕೆಲಸ ಬಿಟ್ಟು ನೋಡುತ್ತಾ ನಿಂತಿದ್ದರು. ನಾನೂ ಡಬ್ಬಿ ಹಿಡಿದುಕೊಂಡೇ ನಿಂತಿದ್ದೆ. ನನಗೆ ಎಷ್ಟು ಹೆಮ್ಮೆಯಾಯಿತು ಎಂದು ಬರೆಯಲಿಕ್ಕೆ ಬಾರದು.

ಮೊನ್ನೆ ಘೋಡ್‌ಬಂದರ್ ರಸ್ತೆಯಲ್ಲಿ ಓಡಿಸಿದರು. ಎಂಜಿನ್ನಿನ ಸದ್ದು ಕುದಿಯುವ ಹಾಲಿನಂತೆ ಮೆತ್ತಗೆ ಏರುತ್ತಿತ್ತಂತೆ. ಸೇಟ್ ಕಾರಿನಲ್ಲೇ ಎದ್ದು ನಿಂತು ತುಳುವಿನಲ್ಲಿ ಹಾಡು ಹೇಳಿದರಂತೆ. ಎದುರಿಗೆ ಬಂದ ಎಸ್.ಟಿ. ಬಸ್ಸಿನ ಡ್ರೈವರ್ ಬಸ್ಸು ನಿಲ್ಲಿಸಿ ನೋಡಿದನಂತೆ. ಮಾರ್ಚಿನಲ್ಲಿ ಕಸಾರಾ ಘಾಟ್ ಹತ್ತಿಸುತ್ತಾರೆ. ಅದನ್ನು ಹತ್ತಿ ಇಳಿದರೆ ಗೆದ್ದಂತೆ.

ನಿಮ್ಮ ಮಗಳು,
ಶರಣಬಸಮ್ಮ


ಠಾಣೆ
3-4-1979

ಅಪ್ಪಾವರಿಗೆ ಶರಣು.

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಮನಸ್ಸಾಗಲಿಲ್ಲ.

ಘಾಟಿನ ಅರ್ಧದಲ್ಲಿ ಎಂಜಿನ್ ಒಳಗಿನಿಂದ ಬಡಿಯಲು ಶುರುವಾಯಿತು. ಇವರು ಕೂಡಲೇ ಆರಿಸಿದರು. ಲಾರಿಗೆ ಹಗ್ಗ ಕಟ್ಟಿ ಎಳೆದು ತಂದರು. ಬಿಚ್ಚಿ ನೋಡಿದರೆ ಎರಡು ಬೇರಿಂಗುಗಳು ಸುಲಿದುಹೋಗಿವೆ. ಕ್ರ್ಯಾಂಕಿನ ಮೇಲೆ ಗೆರೆ ಬಿದ್ದಿದೆ. ಅದನ್ನು ಇನ್ನೊಂದು ಸಲ ಮಾತ್ರ ತಿಕ್ಕಿ ನುಣುಪು ಮಾಡಬಹುದು. ಆಮೇಲೆ ಕೆಟ್ಟರೆ ಅದು ತೂಕಕ್ಕೆ ಹಾಕುವ ಕಬ್ಬಿಣ.

ವರ್ಕ್‌ಶಾಪಿನಲ್ಲಿ ಎಲ್ಲರೂ ಈ ಶೆಲ್ಲುಗಳನ್ನೇ ಬೈಯುತ್ತಾರೆ. ಹಳೆಯ ಎಂಜಿನ್ನಿಗೆ ಹೊಸ ಬೇರಿಂಗ್ ಒಗ್ಗುವುದಿಲ್ಲ, ನಂಬುವ ಮಾಲಲ್ಲ ಎನ್ನುತ್ತಾರೆ. ಸೇಟ್ ಇವರನ್ನು ಬೈಯಲಿಲ್ಲ. ಕಾರಿನ ಮೇಲೆ ತಾಡಪತ್ರಿ ಹೊದಿಸಿ ಒಳಗೆ ಹೋದರಂತೆ. ಬೈದಿದ್ದರೆ ಇವರಿಗೆ ಹಗುರಾಗುತ್ತಿತ್ತು.

ಕೊಟ್ಟ ಮಾತಿನಂತೆ ಇವರು ಹತ್ಯಾರಗಳನ್ನೆಲ್ಲ ಟ್ರಂಕಿಗೆ ಹಾಕಿದ್ದಾರೆ. ಬೀಗ ನನ್ನ ಕೈಯಿಂದಲೇ ಹಾಕಿಸಿದರು. ನಮ್ಮೂರಿನ ಸಿದ್ರಾಮ ಕಲ್ಯಾಣ್ ಸ್ಟೇಶನ್ನಿನ ಮಾಲ್ ಧಕ್ಕೆಯಲ್ಲಿ ಹಮಾಲಿ ಮಾಡುತ್ತಾನಲ್ಲ, ಅವನ ಜೊತೆ ಹೋಗಿ ಚೀಲ ಹೊರುತ್ತೇನೆ ಎನ್ನುತ್ತಾರೆ. "ಹಣಮಂತ್ರಾಯಣ್ಣ, ನಿನ್ನ ಕೈ ಚೀಲ ಹೊರೋ ಕೈ ಅಲ್ಲೋ" ಎಂದು ಸಿದ್ರಾಮನೇ ಹೇಳಿದ. ಇವರು ಕೇಳುವುದಿಲ್ಲ. ಊಟದ ಮುಂದೆ ಕೂತು ಅಂಗೈಯನ್ನೇ ನೋಡಿಕೊಳ್ಳುತ್ತಾರೆ.

ಸಿದ್ರಾಮ ಊರಿಗೆ ಬರುತ್ತಿದ್ದಾನೆ. ಅವನ ಕೈಯಲ್ಲಿ ಎರಡು ಶೆಲ್ ಕಳಿಸಿದ್ದೇನೆ. ಒಂದು ಸುಲಿದದ್ದು, ಒಂದು ಇನ್ನೂ ಕೆಡದೆ ಉಳಿದದ್ದು. ಇವರಿಗೆ ಹೇಳಿಲ್ಲ. ಒಮ್ಮೆ ನೋಡಿರಿ ಅಪ್ಪಾ. ಸಿಟ್ಟನ್ನು ಪಕ್ಕಕ್ಕಿಟ್ಟು ನೋಡಿರಿ. ಇವರು ಚೀಲ ಹೊರುವುದನ್ನು ನಾನು ನೋಡಲಾರೆ.

ಶರಣಬಸಮ್ಮ


ಯಾದಗಿರಿ
29-4-1979

ಮಗಳಿಗೆ ಆಶೀರ್ವಾದ.

ಸಿದ್ರಾಮ ಎರಡೂ ಶೆಲ್ ಮುಟ್ಟಿಸಿದ. ಸುಲಿದದ್ದನ್ನು ನೋಡಿ ಮೊದಲು ನನಗೆ ಖುಷಿಯೇ ಆಯಿತು. ಸುಳ್ಳು ಬರೆಯುವುದಿಲ್ಲ. ನಾನು ಹೇಳಿದ್ದೇ ನಿಜವಾಯಿತಲ್ಲ ಎಂದುಕೊಂಡು, ಅಂಗಡಿಗೆ ಬಂದವರಿಗೆಲ್ಲ ತೋರಿಸಿದೆ.

ಆಮೇಲೆ ಕೆಡದ ಶೆಲ್ಲನ್ನು ಬಿಸಿಲಿಗೆ ಹಿಡಿದೆ. ಅದರ ಬೂದಿ ಬಣ್ಣದ ನಡುವೆ ಚಾಪೆ ಹೆಣೆದಂತೆ ಕೆಂಪು ಗೆರೆಗಳು. ಕೆಂಪು ಯಾಕೆ ಬಂತೆಂದು ಉಗುರಿನಿಂದ ಗೀರಿ ನೋಡಿದೆ. ಆಗ ತಿಳಿಯಿತು. ಒಳಗಿರುವುದು ತಾಮ್ರದ ಬೆರಕೆ. ಮೇಲಿನ ಬೂದಿ ಬಣ್ಣ ಬರೀ ಒಂದು ಪೊರೆ. ತಾಮ್ರದ ಕೊಡಪಾನಕ್ಕೆ ಹಾಕಿದ ಕಲಾಯಿ ಇದ್ದಂತೆ. ಮೆತ್ತಗಿರುವುದು ಆ ಕಲಾಯಿ, ಭಾರ ಹೊರುವುದು ಒಳಗಿನ ತಾಮ್ರ. ಎರಡೂ ಬೇಕು. ಅದನ್ನು ಮಾಡಿದವನು ವೈಟ್ ಮೆಟಲ್ಲನ್ನು ಮರೆತಿಲ್ಲ. ಅದನ್ನೇ ತೆಳ್ಳಗೆ ಬಳಿದು ಹಿಂದೆ ಬಲ ಕೊಟ್ಟಿದ್ದಾನೆ. ಜಾಣ ಕೆಲಸ.

ಕಲಾಯಿ ಹೆರೆದು ತೆಗೆದ ಕೊಡದಲ್ಲಿ ಮಜ್ಜಿಗೆ ಇಟ್ಟರೆ ಏನಾಗುತ್ತದೆ, ನಿನಗೆ ಗೊತ್ತು. ಇಲ್ಲಿ ಆದದ್ದು ಅದೇ. ಹೆರೆದ ಕಡೆಯಿಂದಲೇ ಸುಲಿಯಲು ಶುರುವಾಗಿದೆ. ಈ ಬೇರಿಂಗಿಗೆ ಸ್ಕ್ರೇಪರ್ ಹಚ್ಚಬಾರದು. ನಾವು ಕ್ರ್ಯಾಂಕಿಗೆ ತಕ್ಕಂತೆ ಬೇರಿಂಗ್ ಹೆರೆಯುತ್ತಿದ್ದೆವು. ಇಲ್ಲಿ ಬೇರಿಂಗಿಗೆ ತಕ್ಕಂತೆ ಕ್ರ್ಯಾಂಕನ್ನು ತಿಕ್ಕಿಸಬೇಕು. ಬೇರಿಂಗ್ ಕಾಗದದ ಪುಡಿಕೆಯಿಂದ ಬಂದಂತೆಯೇ ಕೂಡಬೇಕು.

ಆ ಚಾಪೆಯ ಗೆರೆ ನನ್ನದು. ಯಾರ ಕೈಯ ಗೆರೆ ಎಂದು ನಾನು ಕತ್ತಲಲ್ಲಿ ಬೆರಳಾಡಿಸಿ ಹೇಳಬಲ್ಲೆ. ನನ್ನ ಮಾತು ಮೀರಿ ಹೋದನೆಂದು ನಾನು ಸಿಟ್ಟು ಹಿಡಿದು ಕೂತಿದ್ದೆ. ಅಷ್ಟು ದೂರ ಹೋಗಿಯೂ ಅವನು ನನ್ನ ಮಾತು ಮೀರಿರಲಿಲ್ಲ. ಎಂಜಿನ್ ಕೆಟ್ಟದ್ದು ಅದರಿಂದಲೇ.

ಇದನ್ನು ಅವನಿಗೆ ಓದಿ ಹೇಳು. ಟ್ರಂಕಿನ ಬೀಗ ತೆಗೆ. ಆದರೆ ಬೇರಿಂಗ್ ಕೂಡಿಸುವ ದಿನ ಸ್ಕ್ರೇಪರನ್ನು ನೀನು ಇಟ್ಟುಕೊಂಡು ಪಕ್ಕದಲ್ಲೇ ಕೂತಿರು. ಮನಸ್ಸು ಬೇಡವೆಂದರೂ ಅವನ ಕೈ ಬಿಡುವುದಿಲ್ಲ. ಕೈಗೆ ನಾನು ಹಚ್ಚಿದ ರೂಢಿ ಅದು.

ಅಪ್ಪ


ಠಾಣೆ
20-6-1979

ಅಪ್ಪಾವರಿಗೆ ಶರಣಬಸಮ್ಮಳ ಶರಣು.

ನಿಮ್ಮ ಕಾಗದ ಓದಿ ಹೇಳಿದೆ. "ಅವನು" ಎಂಬಲ್ಲಿಗೆ ಬಂದಾಗ ಇವರು ನನ್ನ ಕೈಯಿಂದ ಕಾಗದ ತೆಗೆದುಕೊಂಡು ತಾವೇ ಓದಿದರು. ಎದ್ದು ನಳದ ಹತ್ತಿರ ಹೋಗಿ ಬಹಳ ಹೊತ್ತು ಮುಖ ತೊಳೆದರು. ಬಂದು, "ಬೀಗದ ಕೈ ಎಲ್ಲಿ ಇಟ್ಟೀದಿ?" ಎಂದರು.

ಸೇಟ್ ಹತ್ತಿರ ಹೋಗಿ, "ಬೇರಿಂಗಿಂದು ತಪ್ಪಿಲ್ರಿ, ನನ್ನ ಕೈದು ಅದ" ಎಂದು ಎಲ್ಲ ಹೇಳಿದರು. ಸೇಟ್ ಬೈಯುತ್ತಾರೆಂದು ನಾನು ಹೆದರಿದ್ದೆ. ಅವರು ತಾಡಪತ್ರಿಯನ್ನು ಸರಕ್ಕನೆ ಎಳೆದು, "ಹಾಗಾದ್ರೆ ಮಾಲು ಒಳ್ಳೆದೇ ಅಂತಾಯ್ತು! ನಿನ್ನ ಕೈಗೆ ಒಂದು ದಿನ ರಜೆ ಕೊಡು ಮಾರಾಯ" ಎಂದರಂತೆ. ಕ್ರ್ಯಾಂಕನ್ನು ಅಳತೆಗೆ ತಿಕ್ಕಿಸಿದರು. ಹೊಸ ಶೆಲ್ ಬಂದವು.

ಕೂಡಿಸುವ ದಿನ ನಾನು ಒಂದು ಡಬ್ಬದ ಮೇಲೆ ಕೂತಿದ್ದೆ. ಅಷ್ಟು ಗಂಡಸರ ನಡುವೆ ನನಗೆ ತಲೆ ಎತ್ತಲಿಕ್ಕೂ ಆಗಲಿಲ್ಲ. ಸ್ಕ್ರೇಪರನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿ ಮುಷ್ಟಿಯಲ್ಲಿ ಹಿಡಿದಿದ್ದೆ. ಇವರು ಶೆಲ್ ಒರೆಸಿದರು, ಇಟ್ಟರು, ನೋಡಿದರು. ಬಲಗೈ ತಾನಾಗಿಯೇ ಪಕ್ಕಕ್ಕೆ ಬಂದು ನೆಲವನ್ನು ತಡಕಾಡಿತು. ಅಲ್ಲಿ ಏನೂ ಇಲ್ಲ. ಮತ್ತೆ ತಡಕಾಡಿತು. ಇವರ ಕಣ್ಣು ಬೇರಿಂಗಿನ ಮೇಲೆಯೇ ಇತ್ತು, ಕೈಯೊಂದೇ ಕುರುಡರ ಕೈಯಂತೆ ಹುಡುಕುತ್ತಿತ್ತು. ನಾನು ಎಣ್ಣೆಯ ಡಬ್ಬಿಯನ್ನು ಆ ಕೈಗೆ ಕೊಟ್ಟೆ. ಇವರು ಬೆಚ್ಚಿ ನೋಡಿ, "ಕೊಡ ಇಲ್ಲಿ, ಒಂದೇ ಗೆರಿ, ಸುಮ್ಮ ಮುಟ್ಟಿಸಿ ತಗೀತೀನಿ" ಎಂದು ಮೆತ್ತಗೆ ಕೇಳಿದರು.

"ಅಪ್ಪಾ ಬ್ಯಾಡ ಅಂದಾನ" ಎಂದೆ.

ಸೇಟ್ ಹೊಟ್ಟೆ ಹಿಡಿದು ನಕ್ಕರು. "ಹೋಯ್ ಹಣಮಂತ, ಮಾವನ ಪೊಲೀಸು ಇಲ್ಲೇ ಕೂತಿದ್ದಾಳೆ, ನಿನ್ನ ಆಟ ನಡೀಲಿಕ್ಕಿಲ್ಲ!" ಇವರೂ ನಕ್ಕರು. ನಗುವುದನ್ನು ನೋಡಿ ಎಷ್ಟು ದಿನವಾಗಿತ್ತು. ಎಣ್ಣೆ ಬಿಟ್ಟು ಬೋಲ್ಟ್ ಬಿಗಿದರು. ಕ್ರ್ಯಾಂಕನ್ನು ಕೈಯಿಂದ ತಿರುಗಿಸಿದರೆ ಬೆಣ್ಣೆಯಲ್ಲಿ ತಿರುಗಿದಂತೆ ತಿರುಗಿತು.

ಆದರೆ ಮಳೆ ಹಿಡಿದಿದೆ. ಬಟ್ಟೆಯ ಮಾಡಿನ ಕಾರನ್ನು ಸೇಟ್ ಹೊರಗೆ ತೆಗೆಯುವುದಿಲ್ಲ. ಘಾಟಿಗೆ ದಸರೆಯ ನಂತರವೇ. ಅಲ್ಲಿಯವರೆಗೆ ಇವರು ಮನೆಯಲ್ಲಿ ಲೋಟ ತಿರುಗಿಸುತ್ತಾ ಕೂರುತ್ತಾರೆ. ಸ್ಕ್ರೇಪರ್ ನನ್ನ ಹತ್ತಿರವೇ ಇದೆ.

ಶರಣಬಸಮ್ಮ


ಠಾಣೆ
16-10-1979

ಅಪ್ಪಾವರಿಗೆ, ನಿಮ್ಮ ಮಗಳು ಗಡಬಡಿಸಿ ಬರೆಯುತ್ತಿದ್ದಾಳೆ. ಅಕ್ಷರ ಸೊಟ್ಟಗಿದ್ದರೆ ಸಿಟ್ಟಾಗಬೇಡಿ.

ಹೋದ ವಾರ ಒಂದು ಬೆಳಿಗ್ಗೆ ಸೇಟ್ ಕಾರನ್ನು ಚಾಳಿನ ಮುಂದೆಯೇ ತಂದು ನಿಲ್ಲಿಸಿದರು. ಇಳಿದು, "ನೀನು ಕೂತ್ಕೊ ತಂಗಿ. ಗಂಡನ ಹತ್ಯಾರ ಕಾದವಳು ನೀನು. ನಾನು ಹಿಂದೆ ಟೆಂಪೋದಲ್ಲಿ ಬರ್ತೇನೆ" ಎಂದರು. ನಾನು ಒಲ್ಲೆ ಎಂದೆ. ಲೋಲಾಕ್ಷಿ ಅಕ್ಕ ನನ್ನನ್ನು ದಬ್ಬಿಕೊಂಡು ಹೋಗಿ ಕೂರಿಸಿ, "ತಲೆಗೆ ಸೆರಗು ಬಿಗಿದು ಕಟ್ಟು, ಇಲ್ಲದಿದ್ರೆ ಶಹಾಪುರದಲ್ಲಿ ಹುಡುಕ್ಬೇಕಾದೀತು" ಎಂದರು.

ಘಾಟಿನ ಕೆಳಗಿನ ಆ ಶಹಾಪುರದವರೆಗೆ ನಾನು ಕಣ್ಣು ತೆರೆಯಲಿಲ್ಲ. ಘಾಟ್ ಬಂದಾಗ ಇವರು, "ಕಿವಿಗೊಟ್ಟು ಕೇಳು" ಎಂದರು. ಕೇಳಿದೆ. ನಿಮ್ಮ ಅಂಗಡಿಯಲ್ಲಿ ಬೆಳೆದವಳು ನಾನು, ಕೆಟ್ಟ ಬೇರಿಂಗಿನ ಸದ್ದು ನನಗೆ ಗೊತ್ತು. ಹೋದ ಸಲ ಬಡಿತ ಶುರುವಾದ ತಿರುವು ಬಂತು. ಇವರು ಗದ್ದ ಎತ್ತಿ ಅದನ್ನು ತೋರಿಸಿದರು. ನಾನು ಸೆರಗಿನ ಗಂಟನ್ನು ಹಿಡಿದುಕೊಂಡೆ. ಲಾರಿಗಳು ಏದುಸಿರು ಬಿಡುತ್ತಾ ತೆವಳುತ್ತಿದ್ದವು. ನಮ್ಮ ಕಾರು ಒಂದೊಂದನ್ನೇ ದಾಟಿ ಹೋಯಿತು. ಎಂಜಿನ್ ಕೂಗಲಿಲ್ಲ, ಬಡಿಯಲಿಲ್ಲ. ಏರು ಹೆಚ್ಚಾದಂತೆ ದನಿ ಇನ್ನಷ್ಟು ತುಂಬಿತು, ಅಷ್ಟೇ. ಅಷ್ಟು ಹಳೆಯ ಕಬ್ಬಿಣದಲ್ಲಿ ಅಷ್ಟು ಜೀವ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಮೇಲೆ ಮುಟ್ಟಿದಾಗ ಇವರು ಕಾರು ನಿಲ್ಲಿಸಿ ಅದರ ಮೂತಿಯ ಮೇಲೆ ಕೈ ಇಟ್ಟು ನಿಂತರು. ಎಮ್ಮೆ ಈದ ಮೇಲೆ ಬೆನ್ನು ಸವರುತ್ತಾರಲ್ಲ, ಹಾಗೆ.

ಇಳಿದು ಬಂದ ಮೇಲೆ, ಮುಂದಿನ ದಿನಗಳಲ್ಲೂ ಹೀಗೆಯೇ ಮತ್ತೆ ಮತ್ತೆ ಹತ್ತಿಸಿ ಇಳಿಸಿದರು. ನಿನ್ನೆ ಎಂಜಿನ್ನಿನ ಕೆಳಗಿನ ತಟ್ಟೆ ಬಿಚ್ಚಿ ಬೇರಿಂಗ್ ತೆಗೆದು ನೋಡಿದರು. ಎಲ್ಲವೂ ಬೂದಿ ಬಣ್ಣ. ಎಲ್ಲಿಯೂ ಕೆಂಪಿಲ್ಲ. ಕಲಾಯಿ ಹಾಕಿದವನು ಕೊಟ್ಟಂತೆಯೇ ಇದೆ. ಸೇಟ್ ಒಂದನ್ನು ಹಣೆಗೆ ಒತ್ತಿಕೊಂಡರು. ಇನ್ನು ಹಳೆಯ ಕಾರು ಎಲ್ಲಿಂದ ಬಂದರೂ ಬೇರಿಂಗ್ ಕೂಡಿಸುವುದು ಹಣಮಂತನೇ ಎಂದು ಎಲ್ಲರ ಮುಂದೆ ಹೇಳಿದರು.

ಇವರು ಮಾತ್ರ ಆ ಶೆಲ್ ಕೈಯಲ್ಲಿ ಹಿಡಿದು, "ಉಸ್ತಾದರು ಒಮ್ಮಿ ನೋಡಬೇಕಿತ್ತು" ಎಂದರು. ಮಾವ ಎನ್ನಲಿಲ್ಲ, ಉಸ್ತಾದರು ಎಂದರು.

ಸ್ಕ್ರೇಪರ್ ಇನ್ನೂ ನನ್ನ ಸೆರಗಿನಲ್ಲಿದೆ. ವರ್ಕ್‌ಶಾಪಿನಲ್ಲಿ ಇನ್ನು ಅದಕ್ಕೆ ಕೆಲಸವಿಲ್ಲ. ಎಸೆಯಲು ನನಗೂ ಮನಸ್ಸಿಲ್ಲ, ಇವರಿಗೂ ಇಲ್ಲ. ಏನು ಮಾಡಲಿ, ತಿಳಿಸಿರಿ.

ನಿಮ್ಮ ಮಗಳು,
ಶರಣಬಸಮ್ಮ


ಯಾದಗಿರಿ
5-11-1979

ಹಣಮಂತ್ರಾಯನಿಗೆ ಅಂಬಾರಾಯನ ಆಶೀರ್ವಾದ.

ಸುರಪುರದ ಗಿರಣಿಯ ಬೇರಿಂಗ್ ಕೊನೆಗೂ ಬಿರಿಯಿತು. ಮಾಲಕ ಜೋರಾಗಿ ಓಡಿಸಬೇಕೆನ್ನುತ್ತಾನೆ. ರಾಡ್ ಕೊರೆಸಿ, ಕ್ರ್ಯಾಂಕ್ ತಿಕ್ಕಿಸಿ, ಶೆಲ್ ತರಿಸಿದ್ದೇನೆ. ಪುಡಿಕೆ ಬಿಚ್ಚಿ ಮುಂದೆ ಇಟ್ಟುಕೊಂಡು ಕೂತು ಎರಡು ಸಲ ಎದ್ದು ಬಂದೆ. ಕೂತರೆ ಸಾಕು, ಬಲಗೈ ಪಕ್ಕಕ್ಕೆ ಹೋಗುತ್ತದೆ. ನಿನಗಾದರೂ ಹತ್ತು ವರ್ಷದ ರೂಢಿ. ನನ್ನದು ನಲವತ್ತರದು. ನಿನ್ನನ್ನು ತಡೆಯಲು ನನ್ನ ಮಗಳಿದ್ದಳು. ಇಲ್ಲಿ ನನ್ನ ಕೈ ಹಿಡಿಯುವ ಧೈರ್ಯ ಯಾರಿಗೂ ಇಲ್ಲ.

ಅವಳನ್ನು ಕರೆದುಕೊಂಡು ಬಾ. ಅವಳ ಸೆರಗಿನಲ್ಲಿ ಇರುವುದನ್ನು ಅಲ್ಲಿಯೇ ಟ್ರಂಕಿನಲ್ಲಿಟ್ಟು ಬನ್ನಿರಿ. ಬಂದು ನನ್ನದನ್ನು ಕಸಿದುಕೋ.

ಅಂಬಾರಾಯ